ಫೋಟೊ ಫೈಲ್ ಒಳಗೆ ಹೆಸರು, ತಾರೀಖು, ವಿವರ ಬರೆಯೋಕೆ ಯಾವ ಫೀಲ್ಡ್ ಸರಿ? ಎಕ್ಸಿಫಾ, ಐಪಿಟಿಸಿನಾ, ಎಕ್ಸ್‌ಎಂಪಿನಾ?

ಹಳೇಪೆಟ್ಟಿಗೆ:

ಎಲ್ರಿಗೂ ನಮಸ್ಕಾರ. ಮನೇಲಿರೋ ಹಳೇ ಪ್ರಿಂಟು, ನೆಗೆಟಿವ್ ಎಲ್ಲಾ ಸ್ಕ್ಯಾನ್ ಮಾಡ್ತಾ ಇದೀನಿ, ಜೊತೆಗೆ ಮೊಬೈಲಲ್ಲಿ ಕ್ಯಾಮೆರಾದಲ್ಲಿ ತೆಗೆದ ಡಿಜಿಟಲ್ ಫೋಟೊಗಳನ್ನೂ ಸೇರಿಸಿ ಎಲ್ಲಾ ಒಂದೇ ಕಡೆ ಜೋಡಿಸಿಡ್ಬೇಕು ಅಂತಿದೀನಿ. ಹಳೇ ಫೋಟೊದಲ್ಲಿ ಯಾರ್ಯಾರು ನಿಂತಿದಾರೆ ಅಂತ ಗುರುತು ಹಿಡಿಯೋರು ಈಗ ನಮ್ ದೊಡ್ಡಮ್ಮ ಒಬ್ರೇ, ಅವ್ರು ಹೇಳ್ತಾ ಹೋಗ್ತಾರೆ ನಾನು ಕನ್ನಡದಲ್ಲೇ ಟೈಪ್ ಮಾಡ್ತಾ ಹೋಗ್ತೀನಿ. ಹಾಗಾಗಿ ಈ ವಿವರ ಮುಂದೆ ಯಾವತ್ತೂ ಕಳೆದುಹೋಗ್ಬಾರ್ದು, ಇದೇ ನನಗೆ ಎಲ್ಲಕ್ಕಿಂತ ಮುಖ್ಯ.

ಈಗ ತೊಂದ್ರೆ ಏನಪ್ಪಾ ಅಂದ್ರೆ, ಒಂದು ಸಾಫ್ಟ್‌ವೇರ್‌ನಲ್ಲಿ ಬರೆದ ಕ್ಯಾಪ್ಷನ್ ಇನ್ನೊಂದರಲ್ಲಿ ತೆಗೆದ್ರೆ ಕಾಣಲ್ಲ. ಒಂದರಲ್ಲಿ ಟೈಟಲ್ ಅಂತಿದೆ, ಇನ್ನೊಂದರಲ್ಲಿ ಡಿಸ್ಕ್ರಿಪ್ಷನ್, ಮತ್ತೊಂದರಲ್ಲಿ ಕಾಮೆಂಟ್, ಮೂರೂ ಒಂದೇನಾ ಬೇರೆಬೇರೆನಾ ಗೊತ್ತಾಗ್ತಿಲ್ಲ. ಕೆಲವು ಕಡೆ ಕನ್ನಡ ಹೋಗಿ ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ಬಂದಿದೆ. ಇನ್ನು 1960ರ ದಶಕದ ಫೋಟೊ ಎಲ್ಲಾ ಸ್ಕ್ಯಾನ್ ಮಾಡಿದ ದಿನದ ಕೆಳಗೆ ಹೋಗಿ ಕೂತಿವೆ.

ಇದಕ್ಕೆಲ್ಲಾ ಒಂದು ಸ್ಟ್ಯಾಂಡರ್ಡ್ ಅಂತ ಇದ್ಯಾ? ಇದ್ರೆ ಯಾವ ಫೀಲ್ಡಲ್ಲಿ ಏನು ಬರೀಬೇಕು? ಇನ್ನೊಂದು ಭಯ, ಫೈಲ್ ಒಳಗೇ ಬರೆದ್ರೆ ಫೋಟೊ ಕ್ವಾಲಿಟಿ ಹಾಳಾಗತ್ತಾ?

ಶಟರ್‌ಬಟನ್:

ಮೊದ್ಲು ಕೊನೇ ಪ್ರಶ್ನೆಗೆ ಉತ್ತರ ಹೇಳ್ಬಿಡ್ತೀನಿ. ಹಾಳಾಗಲ್ಲ. ಜೆಪೆಗ್ ಫೈಲಲ್ಲಿ ಚಿತ್ರದ ಡೇಟಾನೇ ಬೇರೆ ಭಾಗ, ಮೆಟಾಡೇಟಾ ಅಂದ್ರೆ ಫೋಟೊ ಬಗ್ಗೆ ಬರೆದ ವಿವರ ಕೂರೋದೇ ಬೇರೆ ಭಾಗ. ಮೆಟಾಡೇಟಾ ಮಾತ್ರ ಬರೆಯೋ ಟೂಲ್ ಬಳಸಿದ್ರೆ ಚಿತ್ರವನ್ನ ಮುಟ್ಟೋದೇ ಇಲ್ಲ, ಪಿಕ್ಸೆಲ್ ಒಂದೂ ಬದಲಾಗಲ್ಲ. ಎಡಿಟರಲ್ಲಿ ಓಪನ್ ಮಾಡಿ ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದ್ರೆ ಮಾತ್ರ ಮತ್ತೊಮ್ಮೆ ಕಂಪ್ರೆಸ್ ಆಗಿ ಕ್ವಾಲಿಟಿ ಇಳಿಯತ್ತೆ. ಇವೆರಡನ್ನೂ ಒಂದೇ ಅಂದ್ಕೊಂಡು ಭಯಪಡೋರು ತುಂಬಾ ಜನ.

ಈಗ ಸ್ಟ್ಯಾಂಡರ್ಡ್ ವಿಷಯ. ಒಂದಿಲ್ಲ, ಮೂರಿವೆ, ನಿಮ್ಮ ಗೊಂದಲಕ್ಕೆ ಅದೇ ಕಾರಣ. ಮೂರೂ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಜನ ಬೇರೆಬೇರೆ ಕೆಲಸಕ್ಕೆ ಮಾಡಿದ್ದು, ಒಂದೇ ಫೈಲಲ್ಲಿ ಮೂರೂ ಒಟ್ಟಿಗೇ ಇರಬಹುದು.

ಎಕ್ಸಿಫ್ ಅನ್ನೋದು ಕ್ಯಾಮೆರಾ ಬರೆಯೋದು. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ 1995ರಲ್ಲಿ ಶುರುಮಾಡಿದ್ದು. ಶಟರ್ ಸ್ಪೀಡು, ಅಪರ್ಚರ್, ಐಎಸ್ಒ, ಲೆನ್ಸು, ಫೋಕಲ್ ಲೆಂಗ್ತು, ತೆಗೆದ ಹೊತ್ತು, ಜಿಪಿಎಸ್, ಕ್ಯಾಮೆರಾನ ಅಡ್ಡ ಹಿಡಿದಿದ್ರಾ ಉದ್ದ ಹಿಡಿದಿದ್ರಾ ಅನ್ನೋ ಓರಿಯೆಂಟೇಷನ್, ಇವೆಲ್ಲ ಅದ್ರಲ್ಲಿ. ಮನುಷ್ಯ ಬರೆಯೋಕೆ ಅಂತ ಇಮೇಜ್ ಡಿಸ್ಕ್ರಿಪ್ಷನ್, ಆರ್ಟಿಸ್ಟ್, ಕಾಪಿರೈಟ್, ಯೂಸರ್ ಕಾಮೆಂಟ್ ಹೀಗೆ ನಾಲ್ಕೇ ನಾಲ್ಕು ಜಾಗ ಇದೆ ಅನ್ನಬಹುದು.

ಐಪಿಟಿಸಿ ಬಂದಿದ್ದು ಪತ್ರಿಕೆಯೋರಿಂದ. ನ್ಯೂಸ್ ಏಜೆನ್ಸಿಗಳು ಫೋಟೊ ಕಳಿಸುವಾಗ ಕ್ಯಾಪ್ಷನ್, ಫೋಟೊಗ್ರಾಫರ್ ಹೆಸರು, ಊರು, ತಾರೀಖು ಫೋಟೊ ಜೊತೆಗೇ ಹೋಗ್ಬೇಕಿತ್ತು, ಅದಕ್ಕೆ 1990ರ ದಶಕದ ಶುರುವಲ್ಲಿ ಐಐಎಂ ಅಂತ ಒಂದು ರೀತಿ ಮಾಡ್ಕೊಂಡ್ರು. ಆಮೇಲೆ ಫೋಟೊಶಾಪ್ ಅದನ್ನ ಜೆಪೆಗ್ ಒಳಗೆ ಇಡೋಕೆ ಶುರುಮಾಡಿದ ಮೇಲೆ ಎಲ್ಲಾ ಕಡೆ ಹರಡ್ತು.

ಎಕ್ಸ್‌ಎಂಪಿ ಮೂರನೇದು, ಅಡೋಬಿ 2001ರಲ್ಲಿ ತಂದಿದ್ದು, 2012ರಲ್ಲಿ ಅಂತರರಾಷ್ಟ್ರೀಯ ಐಎಸ್ಒ ಸ್ಟ್ಯಾಂಡರ್ಡ್ ಆಯ್ತು. ಇದು ಎಕ್ಸ್‌ಎಂಎಲ್ ರೂಪದ ಪಠ್ಯ, ಎಲ್ಲಾ ಭಾಷೆ ಅಕ್ಷರಕ್ಕೂ ಜಾಗ ಇರೋ ಯೂನಿಕೋಡ್, ಉದ್ದಕ್ಕೆ ಅಂಥಾ ಮಿತಿ ಇಲ್ಲ. ಇವತ್ತು ಐಪಿಟಿಸಿ ಸಂಸ್ಥೆಯೋರು ಹೇಳೋ ಐಪಿಟಿಸಿ ಕೋರ್, ಐಪಿಟಿಸಿ ಎಕ್ಸ್‌ಟೆನ್ಷನ್ ಫೀಲ್ಡ್‌ಗಳು ಕೂಡ ಎಕ್ಸ್‌ಎಂಪಿ ಒಳಗೇ ಕೂರೋದು. ಅದಕ್ಕೇ ಐಪಿಟಿಸಿ ಅಂತ ಯಾರಾದ್ರೂ ಅಂದ್ರೆ ಹಳೇ ಐಐಎಂ ಬಗ್ಗೆ ಹೇಳ್ತಿದಾರಾ ಅಥ್ವಾ ಹೊಸ ಫೋಟೊ ಮೆಟಾಡೇಟಾ ಸ್ಟ್ಯಾಂಡರ್ಡ್ ಬಗ್ಗೆನಾ ಅಂತ ಒಂದ್ಸಲ ಕೇಳ್ಕೊಳ್ಳಿ.

ನಿಮಗೆ ನನ್ನ ಸಲಹೆ: ಮನುಷ್ಯ ಬರೆಯೋ ವಿವರ ಎಲ್ಲಾ ಎಕ್ಸ್‌ಎಂಪಿಗೆ, ಕ್ಯಾಮೆರಾ ಬರೆದಿದ್ದನ್ನ ಎಕ್ಸಿಫಲ್ಲಿ ಹಾಗೇ ಬಿಡಿ. ತಾರೀಖು ಮಾತ್ರ ಎರಡೂ ಕಡೆ ಬೇಕು, ಯಾಕಂದ್ರೆ ಗ್ಯಾಲರಿ ಆಪ್‌ಗಳು ಮೊದ್ಲು ಹುಡುಕೋದು ಎಕ್ಸಿಫ್‌ನಲ್ಲೇ.

ಬೈಟ್‌ಲೆಕ್ಕ:

ಕನ್ನಡ ಯಾಕೆ ಹಾಳಾಗ್ತಿದೆ ಅನ್ನೋದನ್ನ ನಾನು ಹೇಳ್ತೀನಿ, ಇದು ನಮಗೆಲ್ಲಾ ತಟ್ಟೋ ವಿಷಯ, ಇಂಗ್ಲಿಷಲ್ಲಿ ಬರೆಯೋರಿಗೆ ಗಮನಕ್ಕೇ ಬರಲ್ಲ.

ಎಕ್ಸಿಫ್‌ನ ಇಮೇಜ್ ಡಿಸ್ಕ್ರಿಪ್ಷನ್ ಫೀಲ್ಡು ಆಸ್ಕಿ, ಅಂದ್ರೆ ಬರೀ ಇಂಗ್ಲಿಷ್ ಅಕ್ಷರ ಅಂಕಿಗಳ ಕೋಡ್, ಅಂತ ಘೋಷಿಸಿರೋದು, ಹಾಗಾಗಿ ನಿಯಮದ ಪ್ರಕಾರ ಅಲ್ಲಿ ಕನ್ನಡಕ್ಕೆ ಜಾಗನೇ ಇಲ್ಲ. ತುಂಬಾ ಸಾಫ್ಟ್‌ವೇರ್ ನಿಯಮ ಬದಿಗಿಟ್ಟು ಅಲ್ಲೇ ಯುಟಿಎಫ್-8 (ಯೂನಿಕೋಡನ್ನ ಬೈಟಲ್ಲಿ ಬರೆಯೋ ಒಂದು ರೀತಿ) ತುಂಬತ್ತೆ, ಓದೋ ಸಾಫ್ಟ್‌ವೇರೂ ಹಾಗೇ ಅರ್ಥಮಾಡ್ಕೊಂಡ್ರೆ ಕನ್ನಡ ಕಾಣತ್ತೆ, ಇಲ್ಲಾಂದ್ರೆ ಚಿತ್ರವಿಚಿತ್ರ ಅಕ್ಷರ. 2023ರಲ್ಲಿ ಬಂದ ಎಕ್ಸಿಫ್ 3.0ರಲ್ಲಿ ಯುಟಿಎಫ್-8 ಅಧಿಕೃತವಾಗಿ ಸೇರಿದೆ, ಆದ್ರೆ ಹಳೇ ಸಾಫ್ಟ್‌ವೇರ್‌ಗೆ ಅದು ಗೊತ್ತಿರಲ್ವಲ್ಲ. ಯೂಸರ್ ಕಾಮೆಂಟ್ ಫೀಲ್ಡಿಗೆ ಮಾತ್ರ ಮೊದಲಿಂದ್ಲೂ ಯೂನಿಕೋಡ್ ಸೌಲಭ್ಯ ಇದೆ, ಮೊದಲ 8 ಬೈಟಲ್ಲಿ ಯಾವ ಎನ್‌ಕೋಡಿಂಗ್ ಅಂತ ಹೇಳಿ ಆಮೇಲೆ ಪಠ್ಯ.

ಹಳೇ ಐಪಿಟಿಸಿ ಐಐಎಂದು ಇನ್ನೊಂದು ಕಥೆ. ಅದ್ರಲ್ಲಿ ಪ್ರತಿ ಫೀಲ್ಡಿಗೂ ಮಿತಿ ಇದೆ, ಮಿತಿ ಇರೋದು ಅಕ್ಷರದಲ್ಲಲ್ಲ ಬೈಟಲ್ಲಿ. ಫೋಟೊಗ್ರಾಫರ್ ಹೆಸರಿನ ಬೈಲೈನ್ 32 ಬೈಟು, ಒಂದೊಂದು ಕೀವರ್ಡ್ 64 ಬೈಟು, ಕಾಪಿರೈಟ್ 128, ಕ್ಯಾಪ್ಷನ್ 2000. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಇಲ್ಲಿ ಸಂಕೇತ ಅಂದ್ರೆ ನಾವು ಕಣ್ಣಲ್ಲಿ ನೋಡೋ ಅಕ್ಷರ ಅಲ್ಲ, ಕಾಗುಣಿತದ ಚಿಹ್ನೆ, ಒತ್ತಕ್ಷರ ಮಾಡೋ ವಿರಾಮ ಎಲ್ಲಾ ಬೇರೆಬೇರೆಯಾಗಿ ಲೆಕ್ಕ. ಲಕ್ಷ್ಮೀನಾರಾಯಣ ಅನ್ನೋ ಹೆಸರನ್ನೇ ತಗೊಳ್ಳಿ, ಒಳಗೆ 13 ಸಂಕೇತ ಇದೆ, 39 ಬೈಟು. ಬೈಲೈನಿನ 32ರಲ್ಲಿ ಹಿಡಿಸೋದೇ ಇಲ್ಲ, ಇನ್ನು ಇನಿಷಿಯಲ್ಲು ಅಡ್ಡಹೆಸರು ಎಲ್ಲಿಂದ ಬರ್ಬೇಕು. ಸಾಫ್ಟ್‌ವೇರು ಬೈಟ್ ಲೆಕ್ಕ ನೋಡಿ ಕತ್ತರಿಸಿದ್ರೆ ಕೊನೇ ಅಕ್ಷರ ಅರ್ಧಕ್ಕೇ ತುಂಡಾಗಿ ಅಲ್ಲೊಂದು ಚೌಕ ಬಂದು ಕೂರತ್ತೆ. ಕೀವರ್ಡಿಗೆ ಹೆಚ್ಚಂದ್ರೆ 21 ಸಂಕೇತ. ಕ್ಯಾಪ್ಷನ್ನಿಗೆ 666, ಒಂದು ಸಾಧಾರಣ ಪ್ಯಾರಾ ಅಷ್ಟೇ.

ಇದಲ್ದೆ ಐಐಎಂ ಒಳಗೆ ಕೋಡೆಡ್ ಕ್ಯಾರೆಕ್ಟರ್ ಸೆಟ್ ಅಂತ ಒಂದು ಫೀಲ್ಡಿದೆ, ಪಠ್ಯ ಯುಟಿಎಫ್-8 ಅಂತ ಅಲ್ಲಿ ಗುರುತು ಇರ್ಬೇಕು. ಅದಿಲ್ಲ ಅಂದ್ರೆ ಓದೋ ಸಾಫ್ಟ್‌ವೇರ್ ತನಗೆ ತೋಚಿದ ಎನ್‌ಕೋಡಿಂಗಲ್ಲಿ ಓದತ್ತೆ, ಕನ್ನಡ ಹೋಗಿ ಏನೇನೋ ಬರೋದು ಅಲ್ಲೇ.

ಎಕ್ಸ್‌ಎಂಪಿಲಿ ಈ ತಲೆನೋವು ಯಾವ್ದೂ ಇಲ್ಲ. ಕನ್ನಡದಲ್ಲಿ ಬರೆಯೋರು ಕಣ್ಣುಮುಚ್ಕೊಂಡು ಎಕ್ಸ್‌ಎಂಪಿ ಅನ್ನಿ. ಒಂದೇ ವಿವರವನ್ನ ಎರಡು ಭಾಷೇಲಿ ಇಡೋಕೂ ಅಲ್ಲಿ ವ್ಯವಸ್ಥೆ ಇದೆ, ಡಿಸ್ಕ್ರಿಪ್ಷನ್ ಫೀಲ್ಡಲ್ಲಿ ಡೀಫಾಲ್ಟ್ ಅಂತ ಒಂದು, ಪಕ್ಕದಲ್ಲೇ ಭಾಷೆ ಕೋಡ್ ಹಾಕಿ ಇನ್ನೊಂದು. ತುಂಬಾ ಸಾಫ್ಟ್‌ವೇರ್ ತೋರಿಸೋದು ಡೀಫಾಲ್ಟ್ ಮಾತ್ರ, ಅದಕ್ಕೆ ಕನ್ನಡ ಅಲ್ಲಿಗೇ ಹೋಗ್ಲಿ.

ಹಳೇಪೆಟ್ಟಿಗೆ:

ಇಬ್ಬರಿಗೂ ತುಂಬಾ ಧನ್ಯವಾದ, ಬೈಟ್ ಲೆಕ್ಕ ಓದಿದ ಮೇಲೆ ಒಂದು ಅರ್ಥ ಆಯ್ತು, ಉದ್ದುದ್ದ ಹೆಸರುಗಳು ಮಾತ್ರ ಯಾಕೆ ಅರ್ಧಕ್ಕೆ ನಿಂತಿವೆ ಅಂತ ತಲೆ ಕೆಡಿಸ್ಕೊಂಡಿದ್ದೆ.

ಇನ್ನು ತಾರೀಖು. ಡೇಟ್ ಟೈಮ್ ಒರಿಜಿನಲ್ ಅಂತ ಒಂದಿದೆ, ಡಿಜಿಟೈಸ್ಡ್ ಅಂತ ಒಂದು, ಬರೀ ಡೇಟ್ ಟೈಮ್ ಅಂತ ಇನ್ನೊಂದು, ಅದ್ರ ಮೇಲೆ ಕಂಪ್ಯೂಟರ್ ತೋರಿಸೋ ಕ್ರಿಯೇಟೆಡ್ ಮಾಡಿಫೈಡ್ ಬೇರೆ. ಮತ್ತೆ ಎಷ್ಟೋ ಫೋಟೊಗೆ ತಾರೀಖೇ ಗೊತ್ತಿಲ್ಲ, ದೊಡ್ಡಮ್ಮ ಹೇಳೋದು ಇದು ನಿಮ್ಮಪ್ಪ ಹುಟ್ಟೋಕ್ಕಿಂತ ಮುಂಚೆ ಅಂತ, ಅದನ್ನ ಯಾವ ಫೀಲ್ಡಿಗೆ ಹಾಕ್ಲಿ?

ಕಡತಕೋಣೆ:

ಮೇಡಮೋ ಸರ್ರೋ ಗೊತ್ತಿಲ್ಲ, ನೀವು ದೊಡ್ಡಮ್ಮನ ಬಾಯಿಂದಲೇ ಕೇಳಿ ಬರ್ಕೊಳ್ತಾ ಇದೀರಲ್ಲ, ಅದಕ್ಕೆ ನನ್ನ ನಮಸ್ಕಾರ. ನಾನು ದಾಖಲೆಗಳನ್ನ ಜೋಪಾನ ಮಾಡೋ ಕೆಲಸದಲ್ಲಿರೋದು, ಹೆಸರಿಲ್ಲದ ಫೋಟೊಗಳ ರಾಶಿ ನೋಡಿದಾಗ ಎಷ್ಟು ಸಂಕಟ ಆಗತ್ತೆ ಅಂತ ನನಗೆ ಗೊತ್ತು.

ತಾರೀಖಿನ ಫೀಲ್ಡ್‌ಗಳಲ್ಲಿ ಎರಡು ಮುಖ್ಯ. ಡೇಟ್ ಟೈಮ್ ಒರಿಜಿನಲ್ ಅಂದ್ರೆ ಮೂಲ ಚಿತ್ರ ಹುಟ್ಟಿದ ಹೊತ್ತು. ಡೇಟ್ ಟೈಮ್ ಡಿಜಿಟೈಸ್ಡ್ ಅಂದ್ರೆ ಅದು ಡಿಜಿಟಲ್ ಆದ ಹೊತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಎರಡೂ ಒಂದೇ ಕ್ಷಣ, ಹಾಗಾಗಿ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ, ಸ್ಕ್ಯಾನ್ ಮಾಡೋರಿಗೆ ಇದೇ ಪ್ರಾಣ. 1964ರ ಪ್ರಿಂಟನ್ನ ಇವತ್ತು ಸ್ಕ್ಯಾನ್ ಮಾಡಿದ್ರೆ ಒರಿಜಿನಲ್ಲಿಗೆ 1964, ಡಿಜಿಟೈಸ್ಡಿಗೆ ಇವತ್ತಿನ ದಿನ. ಬರೀ ಡೇಟ್ ಟೈಮ್ ಅನ್ನೋದು ಫೈಲ್ ಕೊನೇ ಸಲ ಬದಲಾದ ಹೊತ್ತು, ಅದನ್ನ ಸಾಫ್ಟ್‌ವೇರಿಗೇ ಬಿಡಿ. ಕಂಪ್ಯೂಟರ್ ಫೋಲ್ಡರಲ್ಲಿ ಕಾಣೋ ಕ್ರಿಯೇಟೆಡ್ ಮಾಡಿಫೈಡ್ ಇವು ಫೋಟೊ ಒಳಗಿನದ್ದೇ ಅಲ್ಲ, ಡಿಸ್ಕಿಗೆ ಸೇರಿದ್ದು, ಒಂದ್ಸಲ ಕಾಪಿ ಮಾಡಿದ್ರೆ ಡೌನ್‌ಲೋಡ್ ಮಾಡಿದ್ರೆ ಬದಲಾಗ್ಬಿಡತ್ತೆ, ಅದನ್ನ ನಂಬಿ ಯಾವತ್ತೂ ಜೋಡಿಸ್ಬೇಡಿ.

1970ಕ್ಕಿಂತ ಹಿಂದಿನ ತಾರೀಖು ಹಾಕ್ಬಹುದಾ ಅಂತ ಕೆಲವರಿಗೆ ಅನುಮಾನ ಇರತ್ತೆ, ಯಾಕಂದ್ರೆ ಎಷ್ಟೋ ಕಂಪ್ಯೂಟರ್ ವ್ಯವಸ್ಥೆ ಹೊತ್ತನ್ನ ಎಣಿಸೋಕೆ ಶುರುಮಾಡೋದೇ 1970ರ ಜನವರಿ 1ರಿಂದ. ಎಕ್ಸಿಫಲ್ಲಿ ಆ ಸಮಸ್ಯೆ ಇಲ್ಲ, ಅಲ್ಲಿ ತಾರೀಖು ಬರೀ ಪಠ್ಯ, ವರ್ಷ ತಿಂಗಳು ದಿನ ಮಧ್ಯೆ ಕೋಲನ್ ಹಾಕಿ ಬರೆದಿರೋದು, 1920 ಬರೆದ್ರೂ ನಡೆಯತ್ತೆ.

ಗೊತ್ತಿಲ್ಲದ ತಾರೀಖು ಅಂದ್ರೆ ಕಷ್ಟ, ಇದ್ರಲ್ಲಿ ನಾನು ಸ್ವಲ್ಪ ಹಠಮಾರಿ. ಎಕ್ಸಿಫ್ ನಿಯಮದ ಪ್ರಕಾರ ಗೊತ್ತಿಲ್ಲದ ಅಂಕಿ ಜಾಗದಲ್ಲಿ ಖಾಲಿ ಬಿಡಬಹುದು, ಆದ್ರೆ ಅದನ್ನ ಸರಿಯಾಗಿ ಓದೋ ಆಪ್ ಕಮ್ಮಿ. ಎಕ್ಸ್‌ಎಂಪಿಲಿ ಡೇಟ್ ಕ್ರಿಯೇಟೆಡ್ ಫೀಲ್ಡಿಗೆ ಬರೀ 1964 ಅಂತ ಹಾಕಿದ್ರೂ ಸರಿ, 1964ರ 5ನೇ ತಿಂಗಳು ಅಂತ ಹಾಕಿದ್ರೂ ಸರಿ. ನಾನು ಮಾಡೋದು ಹೀಗೆ, ಎಕ್ಸ್‌ಎಂಪಿಲಿ ಗೊತ್ತಿರೋಷ್ಟೇ ಬರೀತೀನಿ, ಎಕ್ಸಿಫ್ ಒರಿಜಿನಲ್ಲಲ್ಲಿ ಜೋಡಣೆಗೋಸ್ಕರ ಆ ವರ್ಷದ ಜನವರಿ 1 ಹಾಕ್ತೀನಿ, ಮತ್ತೆ ಡಿಸ್ಕ್ರಿಪ್ಷನ್ನಲ್ಲಿ ಬಿಡಿಸಿ ಬರೀತೀನಿ: ವರ್ಷ ಅಂದಾಜು, ಇಂಥವರು ಹೇಳಿದ್ದು, ಇಂಥಾ ಕಾರಣಕ್ಕೆ. ಈ ಕೊನೇದು ಬಿಡ್ಲೇಬೇಡಿ. ಇಲ್ಲಾಂದ್ರೆ ಮುಂದಿನ ತಲೆಮಾರಿನೋರು ಜನವರಿ 1ನ್ನೇ ನಿಜ ಅಂದ್ಕೊಂಡು ಅದ್ರ ಮೇಲೆ ಇನ್ನೊಂದು ಲೆಕ್ಕ ಕಟ್ತಾರೆ. ನಿಮ್ಮಪ್ಪ ಹುಟ್ಟೋಕ್ಕಿಂತ ಮುಂಚೆ ಅಂತ ದೊಡ್ಡಮ್ಮ ಹೇಳಿದ್ರಲ್ಲ, ಆ ಮಾತನ್ನ ಹಾಗೇ ಬರೀರಿ, ಅದು ಅಂದಾಜು ವರ್ಷಕ್ಕಿಂತ ಬೆಲೆಬಾಳೋ ಮಾಹಿತಿ.

ಶಟರ್‌ಬಟನ್:

ಇದಕ್ಕೆ ಒಂದು ಸೇರಿಸ್ತೀನಿ. ಡೇಟ್ ಟೈಮ್ ಒರಿಜಿನಲ್ಲಲ್ಲಿ ಟೈಮ್ ಝೋನ್ ಇರಲ್ಲ. 2016ರ ಎಕ್ಸಿಫ್ 2.31ರಲ್ಲಿ ಆಫ್‌ಸೆಟ್ ಟೈಮ್ ಅಂತ ಬೇರೆ ಫೀಲ್ಡ್ ಬಂತು, ಈಗಿನ ಮೊಬೈಲ್‌ಗಳು ಬರೀತಾವೆ, ಹಳೇ ಕ್ಯಾಮೆರಾಗಳಲ್ಲಿ ಇಲ್ಲ. ಬೇರೆ ದೇಶಕ್ಕೆ ಹೋಗಿ ಬಂದ ಫೋಟೊಗಳು ಮೊಬೈಲದ್ದೂ ಕ್ಯಾಮೆರಾದ್ದೂ ಸೇರಿಸಿದಾಗ ಹಿಂದೆಮುಂದೆ ಆಗೋದು ಇದಕ್ಕೇ. ಜಿಪಿಎಸ್ ಹೊತ್ತು ಯಾವಾಗ್ಲೂ ಯುಟಿಸಿಲಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆದ ಹೊತ್ತಲ್ಲಿ, ಇರತ್ತೆ, ಅದಿದ್ರೆ ಅದಕ್ಕೂ ಒರಿಜಿನಲ್ಲಿಗೂ ಇರೋ ವ್ಯತ್ಯಾಸ ನೋಡಿ ಝೋನ್ ಲೆಕ್ಕ ಹಾಕ್ಬಹುದು.

ಸರಳದಾರಿ:

ಇಷ್ಟೆಲ್ಲಾ ಯಾಕೆ? ಫೈಲ್ ಹೆಸರಲ್ಲೇ ವರ್ಷ ಮತ್ತೆ ಯಾರು ಅಂತ ಬರೆದು ಫೋಲ್ಡರ್ ಮಾಡಿಟ್ರೆ ಮುಗೀತಲ್ವಾ, ಯಾವ ಸಾಫ್ಟ್‌ವೇರೂ ಬೇಡ, ಯಾವ ಸ್ಟ್ಯಾಂಡರ್ಡೂ ಬೇಡ. ನಾನು ಹಾಗೇ ಇಟ್ಟಿರೋದು, ಹುಡುಕಿದ್ದು ಸಿಗತ್ತೆ.

ಕಡತಕೋಣೆ:

ನಿಮ್ಮ ಮಾತಲ್ಲಿ ಅರ್ಧ ಒಪ್ತೀನಿ. ಫೈಲ್ ಹೆಸರು ವರ್ಷದಿಂದ ಶುರುವಾಗಿ ಒಂದು ಕ್ರಮಸಂಖ್ಯೆ ಇದ್ರೆ ಒಳ್ಳೇದೇ. ಆದ್ರೆ ಹೆಸರು ಫೈಲಿನ ಹೊರಗಿನದ್ದು, ಯಾರಾದ್ರೂ ಆನ್‌ಲೈನ್ ಹಾಕಿ ಮತ್ತೆ ಇಳಿಸ್ಕೊಂಡ್ರೆ ಸಾಕು, ಹೆಸರು ಹೋಗಿ ಯಾವ್ದೋ ನಂಬರ್ ಬಂದಿರತ್ತೆ. ಆಮೇಲೆ ಹತ್ತು ಜನ ನಿಂತಿರೋ ಫೋಟೊದಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು ಅಂತ ಫೈಲ್ ಹೆಸರಲ್ಲಿ ಬರೆಯೋಕಾಗಲ್ಲ. ಪ್ರಿಂಟಿನ ಹಿಂಬದಿ ಪೆನ್ಸಿಲಲ್ಲಿ ಬರೀತಿದ್ರಲ್ಲ ಹಿಂದಿನೋರು, ಒಳಗಿನ ಮೆಟಾಡೇಟಾ ಅದಕ್ಕೆ ಸಮ, ಫೋಟೊ ಎಲ್ಲಿ ಹೋದ್ರೂ ಬರಹ ಜೊತೆಗೇ ಹೋಗತ್ತೆ.

ಇದೇ ಮಾತು ಕ್ಯಾಟಲಾಗ್ ಸಾಫ್ಟ್‌ವೇರ್‌ಗೂ ಅನ್ವಯ. ಲೈಟ್‌ರೂಮ್ ಆಗ್ಲಿ ಡಿಜಿಕ್ಯಾಮ್ ಆಗ್ಲಿ ನೀವು ಟೈಪ್ ಮಾಡಿದ್ದನ್ನ ಮೊದ್ಲು ತಮ್ಮ ಡೇಟಾಬೇಸಲ್ಲಿ ಇಟ್ಕೊಳ್ತಾವೆ. ಫೈಲಿಗೂ ಬರಿ ಅಂತ ಸೆಟ್ಟಿಂಗಲ್ಲಿ ಹೇಳಿದ್ರೆ ಮಾತ್ರ ಒಳಗೆ ಹೋಗತ್ತೆ. ಹಳೇಪೆಟ್ಟಿಗೆಯೋರಿಗೆ ಒಂದರಲ್ಲಿ ಕಂಡಿದ್ದು ಇನ್ನೊಂದರಲ್ಲಿ ಕಾಣದೇ ಇರೋಕೆ ಇದೂ ಕಾರಣ ಇರಬಹುದು, ಒಂದ್ಸಲ ಆ ಸೆಟ್ಟಿಂಗ್ ನೋಡಿ. ಟೈಪ್ ಮಾಡಿದ ಮೇಲೆ ಅದೇ ಫೈಲನ್ನ ಬೇರೆ ಸಾಫ್ಟ್‌ವೇರಲ್ಲಿ, ಸಾಧ್ಯ ಆದ್ರೆ ಬೇರೆ ಕಂಪ್ಯೂಟರಲ್ಲೇ ತೆಗೆದು ನೋಡೋದು ನಿಜವಾದ ಪರೀಕ್ಷೆ.

ಬೈಟ್‌ಲೆಕ್ಕ:

ಟೈಟಲ್ಲು, ಡಿಸ್ಕ್ರಿಪ್ಷನ್ನು, ಕಾಮೆಂಟು ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಬಾಕಿ ಇದೆ.

ವಿವರಣೆ ಅನ್ನೋದು ಮೂರು ಕಡೆ ಇರಬಹುದು, ಎಕ್ಸಿಫ್‌ನ ಇಮೇಜ್ ಡಿಸ್ಕ್ರಿಪ್ಷನ್, ಐಐಎಂನ ಕ್ಯಾಪ್ಷನ್ ಅಬ್‌ಸ್ಟ್ರಾಕ್ಟ್, ಎಕ್ಸ್‌ಎಂಪಿಯ ಡಬ್ಲಿನ್ ಕೋರ್ ಅನ್ನೋ ಫೀಲ್ಡ್ ಗುಂಪಿನ ಡಿಸ್ಕ್ರಿಪ್ಷನ್. ಮೂರರ ಅರ್ಥ ಒಂದೇ. ಅಡೋಬಿ, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್, ನೋಕಿಯಾ, ಸೋನಿ ಸೇರಿ ಮೆಟಾಡೇಟಾ ವರ್ಕಿಂಗ್ ಗ್ರೂಪ್ ಅಂತ ಮಾಡ್ಕೊಂಡಿದ್ರು, ಅವ್ರ 2010ರ ಮಾರ್ಗಸೂಚಿ ಯಾವ ಫೀಲ್ಡ್ ಯಾವುದಕ್ಕೆ ಸಮ, ಎರಡು ಕಡೆ ಬೇರೆಬೇರೆ ಇದ್ರೆ ಯಾವುದನ್ನ ನಂಬ್ಬೇಕು ಅಂತೆಲ್ಲಾ ಹೇಳತ್ತೆ. ಎಲ್ಲಾ ಸಾಫ್ಟ್‌ವೇರೂ ಅದನ್ನ ಪಾಲಿಸಲ್ಲ, ಹಾಗಾಗಿ ಮೂರೂ ಕಡೆ ಬೇರೆ ಬೇರೆ ಪಠ್ಯ ಇದ್ರೆ ಒಂದೊಂದು ಆಪಲ್ಲಿ ಒಂದೊಂದು ಕಾಣತ್ತೆ. ಕೆಲವು ಕ್ಯಾಮೆರಾಗಳಂತೂ ಇಮೇಜ್ ಡಿಸ್ಕ್ರಿಪ್ಷನ್ನಲ್ಲಿ ತಮ್ಮ ಕಂಪನಿ ಹೆಸರನ್ನೇ ತುಂಬಿ ಕಳಿಸ್ತಾವೆ, ನೀವು ಎಕ್ಸ್‌ಎಂಪಿಲಿ ಚೆನ್ನಾಗಿ ಬರೆದ್ರೂ ಗ್ಯಾಲರಿಲಿ ಕಂಪನಿ ಹೆಸರೇ ಕಾಣತ್ತೆ, ಅಂಥಾದ್ದನ್ನ ಅಳಿಸಿಬಿಡಿ.

ಟೈಟಲ್ ಬೇರೆ. ಅದು ಚಿಕ್ಕ ಗುರುತು, ಸ್ಕ್ಯಾನ್ ನಂಬರ್ ಥರದ್ದಕ್ಕೆ ಇಟ್ಕೊಳ್ಳಿ. ಹೆಡ್‌ಲೈನ್ ಅಂತ ಇನ್ನೊಂದಿದೆ, ಪತ್ರಿಕೆಯೋರದ್ದು, ನಿಮಗೆ ಬೇಡ. ಕೀವರ್ಡ್ ಎಕ್ಸ್‌ಎಂಪಿಲಿ ಡಬ್ಲಿನ್ ಕೋರ್ ಸಬ್ಜೆಕ್ಟ್ ಅಂತ ಕೂರತ್ತೆ. ತೆಗೆದೋರು ಯಾರು ಅನ್ನೋದು ಕ್ರಿಯೇಟರ್‌ಗೆ, ಸ್ಕ್ಯಾನ್ ಮಾಡಿದೋರ ಹೆಸರನ್ನ ಅಲ್ಲಿ ಹಾಕ್ಬೇಡಿ, ಫೋಟೊಗ್ರಾಫರ್ ಗೊತ್ತಿಲ್ಲಾಂದ್ರೆ ಖಾಲಿ ಬಿಡಿ. ವಿಂಡೋಸ್‌ನ ಪ್ರಾಪರ್ಟೀಸಲ್ಲಿ ಟೈಪ್ ಮಾಡಿದ್ರೆ ಎಕ್ಸ್‌ಪಿ ಟೈಟಲ್, ಎಕ್ಸ್‌ಪಿ ಕಾಮೆಂಟ್ ಅಂತ ಮೈಕ್ರೋಸಾಫ್ಟಿನ ಸ್ವಂತ ಟ್ಯಾಗ್‌ಗಳೂ ಸೇರ್ಕೊಳ್ತಾವೆ. ಅದ್ರಲ್ಲಿ ಕನ್ನಡ ಸರಿಯಾಗೇ ಕೂರತ್ತೆ, ಯುಟಿಎಫ್-16, ಆದ್ರೆ ಬೇರೆ ಕಡೆ ಅದನ್ನ ಓದೋರು ಕಮ್ಮಿ.

ಯಾರ್ಯಾರಿದಾರೆ ಅನ್ನೋಕೆ ಐಪಿಟಿಸಿ ಎಕ್ಸ್‌ಟೆನ್ಷನ್ನಲ್ಲಿ ಪರ್ಸನ್ ಶೋನ್ ಅಂತಲೇ ಫೀಲ್ಡ್ ಇದೆ, ಒಬ್ಬೊಬ್ಬರ ಹೆಸರು ಬೇರೆಬೇರೆಯಾಗಿ. ಮುಖದ ಸುತ್ತ ಚೌಕ ಎಳೆದು ಹೆಸರು ಕೊಡೋದೂ ಎಕ್ಸ್‌ಎಂಪಿಲಿ ಉಳಿಯತ್ತೆ, ಡಿಜಿಕ್ಯಾಮ್ ಬರೆಯತ್ತೆ. ಆದ್ರೂ ಎಡದಿಂದ ಬಲಕ್ಕೆ ಇಂಥವರು ಅಂತ ಡಿಸ್ಕ್ರಿಪ್ಷನ್ನಲ್ಲಿ ಸಾದಾ ವಾಕ್ಯವಾಗಿ ಬರೀಲೇಬೇಕು ಅನ್ನೋದು ನನ್ನ ಅಭಿಪ್ರಾಯ, ಸಾದಾ ಪಠ್ಯವನ್ನ ಓದದ ಸಾಫ್ಟ್‌ವೇರ್ ಇಲ್ಲ.

ಕಡತಕೋಣೆ:

ಹೌದು ಹೌದು, ಸಾದಾ ವಾಕ್ಯ ಬೇಕೇಬೇಕು. ಮದುವೆ ಆದ ಮೇಲೆ ಹೆಸರು ಬದಲಾದೋರು, ಮನೇಲಿ ಕರೆಯೋ ಹೆಸರು, ಎಲ್ಲಾ ಅಲ್ಲೇ ಸೇರಿಸಿ.

ಸ್ಕ್ಯಾನ್ ಮಾಡೋರಿಗೆ ಇನ್ನೆರಡು ಫೀಲ್ಡ್ ಹೇಳ್ತೀನಿ, ಯಾರೂ ಬಳಸಲ್ಲ, ಬಳಸ್ಬೇಕು. ಒಂದು ಡಿಜಿಟಲ್ ಸೋರ್ಸ್ ಟೈಪ್, ಐಪಿಟಿಸಿ ಎಕ್ಸ್‌ಟೆನ್ಷನ್ನಲ್ಲಿದೆ. ಇದು ನೇರ ಡಿಜಿಟಲ್ ಕ್ಯಾಮೆರಾದಿಂದ ಬಂತಾ, ನೆಗೆಟಿವ್ ಸ್ಕ್ಯಾನಾ, ಪ್ರಿಂಟ್ ಸ್ಕ್ಯಾನಾ ಅಂತ ನಿಗದಿಯಾದ ಪಟ್ಟಿಯಿಂದ ಆರಿಸೋದು. ಎಐ ಹುಟ್ಟಿಸಿದ ಚಿತ್ರಕ್ಕೂ ಈಗ ಅದೇ ಪಟ್ಟೀಲಿ ಬೇರೆ ಗುರುತು ಇದೆ. ಕಪ್ಪುಬಿಳುಪು ಫೋಟೊಗೆ ಯಾರಾದ್ರೂ ಎಐನಲ್ಲಿ ಬಣ್ಣ ತುಂಬಿಸಿದ್ರೆ ಆ ಪ್ರತಿಗೆ ದಯವಿಟ್ಟು ಗುರುತು ಹಾಕಿ, ಮೂಲ ಸ್ಕ್ಯಾನ್ ಬೇರೆ ಇಡಿ, ಇಲ್ಲಾಂದ್ರೆ ಸೀರೆ ಬಣ್ಣ ಅದೇ ಇತ್ತು ಅಂತ ಮುಂದೆ ಎಲ್ರೂ ನಂಬ್ತಾರೆ.

ಇನ್ನೊಂದು ಜಾಗದ್ದು. ಲೊಕೇಷನ್ ಕ್ರಿಯೇಟೆಡ್, ಲೊಕೇಷನ್ ಶೋನ್ ಅಂತ ಎರಡಿವೆ. ಕ್ಯಾಮೆರಾ ಎಲ್ಲಿತ್ತು ಅನ್ನೋದು ಒಂದು, ಚಿತ್ರದಲ್ಲಿ ಕಾಣ್ತಿರೋ ಜಾಗ ಯಾವುದು ಅನ್ನೋದು ಇನ್ನೊಂದು. ದೂರದಿಂದ ತೆಗೆದ ಬೆಟ್ಟದ ಫೋಟೊದಲ್ಲಿ ಎರಡೂ ಬೇರೆ ಆಗತ್ತೆ. ಹಳೇ ಪ್ರಿಂಟಿಗೆ ಮ್ಯಾಪ್ ನೋಡಿ ಅಂದಾಜಲ್ಲಿ ಜಿಪಿಎಸ್ ಅಂಕಿ ಹಾಕೋ ಬದ್ಲು ಜಾಗದ ಹೆಸರನ್ನ ಇಲ್ಲಿ ಬರೀರಿ, ಜಿಪಿಎಸ್ ಅಂಕಿ ನೋಡಿದೋರು ಅದನ್ನ ಅಳೆದಿದ್ದು ಅಂದ್ಕೊಳ್ತಾರೆ.

ಆರ್ಕೈವ್‌ಗಳಲ್ಲಿ ಇದ್ರ ಜೊತೆ ತಾಂತ್ರಿಕ ವಿವರಕ್ಕೆ ನೈಸೊ ಝಡ್39.87 ಅಂತ 2006ರ ಸ್ಟ್ಯಾಂಡರ್ಡ್ ಬಳಸ್ತಾರೆ, ಅಗಲ, ಎತ್ತರ, ಬಿಟ್ ಡೆಪ್ತ್, ಕಲರ್ ಪ್ರೊಫೈಲ್, ಯಾವ ಸ್ಕ್ಯಾನರ್, ಯಾವ ರೆಸಲ್ಯೂಷನ್ ಎಲ್ಲಾ. ಮನೇ ಕೆಲಸಕ್ಕೆ ಅಷ್ಟು ಬೇಡ. ಸ್ಕ್ಯಾನರ್ ಹೆಸರು, ಡಿಪಿಐ (ಒಂದಿಂಚಿಗೆ ಎಷ್ಟು ಚುಕ್ಕಿ ಅನ್ನೋದು) ಸರಿಯಾಗಿ ಕೂತಿದ್ಯಾ ನೋಡಿ ಸಾಕು, ಡಿಪಿಐ ಸರಿ ಇದ್ರೆ ಮೂಲ ಪ್ರಿಂಟ್ ಎಷ್ಟು ದೊಡ್ಡದಿತ್ತು ಅಂತ ಲೆಕ್ಕ ಸಿಗತ್ತೆ.

ಮೌನವೀಕ್ಷಕ:

ಜಿಪಿಎಸ್ ಮಾತು ಬಂತಲ್ಲ, ಒಂದು ಎಚ್ಚರಿಕೆ. ಮೊಬೈಲಲ್ಲಿ ತೆಗೆದ ಫೋಟೊನ ಹಾಗೇ ಕಳಿಸಿದ್ರೆ ಮನೆ ಬಾಗಿಲವರೆಗೂ ದಾರಿ ತೋರಿಸ್ದಂಗೆ. 2012ರಲ್ಲಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ತಲೆಮರೆಸ್ಕೊಂಡಿದ್ದಾಗ ಪತ್ರಕರ್ತರು ಹಾಕಿದ ಫೋಟೊದ ಜಿಪಿಎಸ್‌ನಿಂದಲೇ ಅವ್ರು ಗ್ವಾಟೆಮಾಲಾದಲ್ಲಿದಾರೆ ಅಂತ ಗೊತ್ತಾಯ್ತು. ಮಕ್ಕಳ ಫೋಟೊ ಆನ್‌ಲೈನ್ ಹಾಕೋರು ಇದನ್ನ ಯೋಚ್ನೆ ಮಾಡ್ಬೇಕು. ಫೋಟೊ ಒಳಗೆ ಎಕ್ಸಿಫ್ ಜೊತೆ ಒಂದು ಪುಟ್ಟ ಥಂಬ್‌ನೇಲೂ ಇರತ್ತೆ, ಕೆಲವು ಎಡಿಟರ್ ಫೋಟೊ ಕ್ರಾಪ್ ಮಾಡಿದ್ರೂ ಥಂಬ್‌ನೇಲ್ ಹಳೇದನ್ನೇ ಬಿಟ್ಟಿರತ್ತೆ, ಕತ್ತರಿಸಿ ತೆಗೆದಿದ್ದು ಅಲ್ಲಿ ಕಾಣಬಹುದು.

ಶಟರ್‌ಬಟನ್:

ಸರಿಯಾದ ಮಾತು, ಆದ್ರೆ ಅದಕ್ಕೋಸ್ಕರ ಮೂಲ ಫೈಲಿಂದಲೇ ಮೆಟಾಡೇಟಾ ಅಳಿಸ್ಬೇಡಿ ಯಾರೂ. ಮೂಲದಲ್ಲಿ ಎಲ್ಲಾ ಇರ್ಲಿ, ಹಂಚೋಕೆ ಅಂತ ಇನ್ನೊಂದು ಪ್ರತಿ ಮಾಡಿ ಅದ್ರಲ್ಲಿ ಮಾತ್ರ ಜಿಪಿಎಸ್ ತೆಗೀರಿ. ಪೂರ್ತಿ ಅಳಿಸುವಾಗ್ಲೂ ಓರಿಯೆಂಟೇಷನ್ ಹೋದ್ರೆ ಫೋಟೊ ಅಡ್ಡ ಮಲಗತ್ತೆ, ಕಲರ್ ಪ್ರೊಫೈಲ್ ಹೋದ್ರೆ ಬಣ್ಣ ಬದಲಾಗತ್ತೆ.

ಇದಕ್ಕೆ ತಿರುಗಾಮುರುಗಾ ಇನ್ನೊಂದು, ಮೆಸೇಜಿಂಗ್ ಆಪಲ್ಲಿ ಫೋಟೊ ಅಂತ ಕಳಿಸಿದ್ರೆ ಬಹಳಷ್ಟು ಸಲ ಮೆಟಾಡೇಟಾ ಹೋಗ್ಬಿಡತ್ತೆ, ಚಿತ್ರವೂ ಚಿಕ್ಕದಾಗತ್ತೆ. ನೆಂಟರಿಂದ ಹಳೇ ಫೋಟೊ ತರಿಸ್ಕೊಳ್ಳುವಾಗ ಡಾಕ್ಯುಮೆಂಟ್ ಅಂತ ಕಳಿಸಿ ಅಂತ ಹೇಳಿ.

ಹಳೇಪೆಟ್ಟಿಗೆ:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ರಿಗೂ ಋಣಿ. ದೊಡ್ಡಮ್ಮ ಹೇಳಿದ್ದನ್ನೆಲ್ಲಾ ನಾನು ಒಂದು ಶೀಟಲ್ಲಿ ಟೈಪ್ ಮಾಡಿಟ್ಟಿದೀನಿ, ಫೈಲ್ ಹೆಸರು, ವರ್ಷ, ಯಾರ್ಯಾರು, ಎಲ್ಲಿ, ಹೀಗೆ ಕಾಲಂ ಕಾಲಂ. ಅದನ್ನ ಒಟ್ಟಿಗೇ ಫೋಟೊಗಳ ಒಳಗೆ ತುಂಬಿಸೋಕೆ ದಾರಿ ಇದ್ಯಾ? ಒಂದೊಂದಾಗಿ ಕೂತು ಮಾಡೋದು ಆಗದ ಕೆಲಸ.

ಬೈಟ್‌ಲೆಕ್ಕ:

ಖಂಡಿತಾ ಇದೆ, ಶೀಟ್ ಮಾಡಿದೀರಲ್ಲ, ಅರ್ಧ ಕೆಲಸ ಮುಗಿದಂಗೇ. ಎಕ್ಸಿಫ್‌ಟೂಲ್ ಅಂತ ಉಚಿತ ಟೂಲಿದೆ, ಫಿಲ್ ಹಾರ್ವೆ ಅನ್ನೋರು 2003ರಿಂದ ಬೆಳೆಸ್ಕೊಂಡು ಬಂದಿರೋದು, ಹೆಸರು ಎಕ್ಸಿಫ್ ಅಂತಿದ್ರೂ ಮೂರೂ ಸ್ಟ್ಯಾಂಡರ್ಡ್ ಓದತ್ತೆ, ಬರೆಯತ್ತೆ. ಅದಕ್ಕೆ ಸಿಎಸ್‌ವಿ ಫೈಲ್ (ಶೀಟಿನ ಕಾಲಂಗಳನ್ನ ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸಾದಾ ಪಠ್ಯ) ಕೊಟ್ರೆ ಸಾಲು ಸಾಲಾಗಿ ಓದಿ ಆಯಾ ಫೋಟೊಗೆ ಬರೀತಾ ಹೋಗತ್ತೆ. ಮೊದಲ ಕಾಲಂ ಹೆಸರು ಸೋರ್ಸ್‌ಫೈಲ್ ಅಂತಿರ್ಬೇಕು, ಅದ್ರಲ್ಲಿ ಫೋಟೊ ಫೈಲಿನ ದಾರಿ. ಉಳಿದ ಕಾಲಂಗಳ ತಲೆಗೆ ಟ್ಯಾಗ್ ಹೆಸರು, ಅದ್ರ ಮುಂದೆ ಎಕ್ಸ್‌ಎಂಪಿ ಅಂತ ಗುಂಪಿನ ಹೆಸರನ್ನೂ ಹಾಕಿ, ಆಗ ಯಾವ ಡಿಸ್ಕ್ರಿಪ್ಷನ್ ಅಂತ ಗೊಂದಲ ಇರಲ್ಲ.

ಕನ್ನಡ ಹಾಳಾಗೋ ಜಾಗ ಇಲ್ಲಿ ಎರಡಿವೆ. ಶೀಟನ್ನ ಸೇವ್ ಮಾಡುವಾಗ ಎಕ್ಸೆಲಲ್ಲಿ ಬರೀ ಸಿಎಸ್‌ವಿ ಅಂತ ಆರಿಸಿದ್ರೆ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಸೇವ್ ಆಗತ್ತೆ, ಆಮೇಲೆ ವಾಪಸ್ ಬರಲ್ಲ. ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಆಯ್ಕೆ ಇದೆ, ಅದನ್ನೇ ಆರಿಸಿ. ಎರಡನೇದು, ವಿಂಡೋಸಿನ ಕಮ್ಯಾಂಡ್ ಕಿಟಕಿಯಲ್ಲಿ ನೇರ ಕನ್ನಡ ಟೈಪ್ ಮಾಡಿದ್ರೆ ಎನ್‌ಕೋಡಿಂಗ್ ಕೈಕೊಡತ್ತೆ, ಫೈಲಿಂದ ಓದಿಸಿದ್ರೆ ತೊಂದ್ರೆ ಇಲ್ಲ. ಫೋಟೊ ಫೈಲಿನ ಹೆಸರುಗಳನ್ನ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಯಲ್ಲೇ ಇಡಿ, ಕೆಲಸ ಸಲೀಸು. ತಾರೀಖಿನ ಕಾಲಂ ಎಕ್ಸೆಲ್ಲಲ್ಲಿ ಟೆಕ್ಸ್ಟ್ ಅಂತ ಮಾಡಿ, ಇಲ್ಲಾಂದ್ರೆ ಅದೇ ತನಗೆ ಬೇಕಾದ ಹಾಗೆ ತಿರುಗಿಸಿಬಿಡತ್ತೆ.

ಒಂದಷ್ಟು ಫೋಟೊನ ಬೇರೆ ಫೋಲ್ಡರಿಗೆ ಕಾಪಿ ಮಾಡಿ ಅದ್ರ ಮೇಲೆ ಮೊದ್ಲು ನಡೆಸಿ ನೋಡಿ. ಟೂಲು ತಾನಾಗೇ ಪ್ರತಿ ಫೈಲಿನ ಹಳೇ ಪ್ರತಿ ಪಕ್ಕದಲ್ಲಿ ಉಳಿಸತ್ತೆ, ಎಲ್ಲಾ ಸರಿ ಅಂತ ಖಾತ್ರಿ ಆದ ಮೇಲೆ ಅಳಿಸಿ.

ಕಡತಕೋಣೆ:

ಆ ಶೀಟನ್ನ ಬಿಸಾಕ್ಬೇಡಿ, ಫೋಟೊಗಳ ಜೊತೆಗೇ ಅದೂ ಬ್ಯಾಕಪ್ಪಿಗೆ ಹೋಗ್ಲಿ. ಸ್ಕ್ಯಾನುಗಳ ಮೂಲ ಟಿಫ್‌ನಲ್ಲಿ ಇದ್ರೆ ಟಿಫ್ಫಿಗೂ ಇದೇ ಮೆಟಾಡೇಟಾ ಬರೀರಿ, ಟಿಫ್ ಒಳಗೂ ಮೂರಕ್ಕೂ ಜಾಗ ಇದೆ, ಬರೀ ಜೆಪೆಗ್ ಪ್ರತಿಗೆ ಬರೆದು ನಿಲ್ಲಿಸ್ಬೇಡಿ. ಮತ್ತೆ ಶೀಟಲ್ಲಿ ಇನ್ನೊಂದು ಕಾಲಂ ಸೇರಿಸಿ, ಪ್ರಿಂಟಿನ ಹಿಂದೆ ಬರೆದಿದ್ದು ಅಂತ. ಸ್ಟುಡಿಯೋ ಮುದ್ರೆ, ಕೈಬರಹ, ನಂಬರ್, ಏನಿದ್ರೂ ಇದ್ದ ಹಾಗೇ, ಕಾಗುಣಿತ ತಿದ್ದದೆ.

ಹಳೇಪೆಟ್ಟಿಗೆ:

ಹಿಂಬದಿ ಬರಹ ಬಹಳ ಫೋಟೊದಲ್ಲಿ ಇದೆ, ಅದನ್ನೂ ಸ್ಕ್ಯಾನ್ ಮಾಡ್ತೀನಿ ಹಾಗಾದ್ರೆ. ಆ ಹಿಂಬದಿ ಸ್ಕ್ಯಾನಿಗೆ ಯಾವ ತಾರೀಖು ಹಾಕ್ಲಿ?

ಕಡತಕೋಣೆ:

ಮುಂಬದಿಗೆ ಏನು ಹಾಕ್ತೀರೋ ಅದೇ ಒರಿಜಿನಲ್ ತಾರೀಖು, ಆಗ ಗ್ಯಾಲರಿಲಿ ಎರಡೂ ಪಕ್ಕಪಕ್ಕ ಬರ್ತಾವೆ. ಫೈಲ್ ಹೆಸರು ಅದೇ ನಂಬರು, ಕೊನೇಲಿ ಹಿಂಬದಿ ಅಂತ ಒಂದಕ್ಷರದ ಗುರುತು. ಟೈಟಲ್ಲಲ್ಲೂ ಅದೇ ನಂಬರ್ ಇರ್ಲಿ, ಫೈಲ್ ಹೆಸರು ಬದಲಾದ್ರೂ ಜೋಡಿ ಸಿಗತ್ತೆ.